ನಾಯಿಯನ್ನು ಸುಮ್ಮನಿರಿಸಲು ಬಂದ ಯಂತ್ರಕ್ಕೆ ಒಂದು ವಿನಂತಿ

ನಮ್ಮ ಅಡುಗೆಮನೆ ಬಾಗಿಲ ಪಕ್ಕದ ಗೋಡೆಯ ಮೇಲೆ ವಿರಾಜಮಾನರಾಗಿರುವ ನಾಯಿ ಸಮಾಧಾನ ಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲಿಗೆ ನನ್ನ ಕಾಗೆ ಕಾಲು ಗುಬ್ಬಿ ಕಾಲಿನಂಥ ಅಕ್ಷರಗಳನ್ನೂ, ತಪ್ಪಿ ಬಿದ್ದಿರಬಹುದಾದ ಒತ್ತು ದೀರ್ಘಗಳನ್ನೂ ಕ್ಷಮಿಸಬೇಕು. ನಾನು ಪ್ರಾಥಮಿಕ ಶಾಲೆ ಮುಗಿಸಿ ಸೂಜಿ ಹಿಡಿದವಳು. ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿಯುವುದು ನನ್ನ ಕೆಲಸ. ಎದುರು ನಿಂತು ಮಾತಾಡಬೇಕೆಂದರೆ ನನಗೆ ನಾಲಿಗೆ ಹೊರಳುವುದಿಲ್ಲ. ಅದೂ ಅಲ್ಲದೆ, ಯಾವ ಸದ್ದು ಕೇಳಿದರೂ ಉತ್ತರ ಕೊಡುವ ತಮ್ಮ ಮುಂದೆ ಬಾಯಿ ತೆರೆಯಲು ಧೈರ್ಯ ಸಾಲದೆ, ನಾಲ್ಕು ಜನ ಓದಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ತಾವು ದಯಮಾಡಿಸುವ ಮುಂಚೆ ನಮ್ಮ ನಾಯಿ, ಪಕ್ಕೆಲುಬು ಕಾಣುವಷ್ಟು ಸಣಕಲಾಗಿದ್ದುದರಿಂದಲೇ ಪೈಲ್ವಾನ ಎನ್ನಿಸಿಕೊಂಡಿದ್ದವನು, ವಿದ್ಯೆಯಲ್ಲಿ ಬಹಳ ಹಿಂದುಳಿದಿದ್ದ. ಮಳೆ ಹಿಡಿದು ಹೊರಗೆ ಹೋಗಲಾಗದ ದಿನ ಬಾಗಿಲ ಬಳಿ ಕುಂಯ್‌ಗುಡುವುದು, ಬೊಗಳುವುದು, ಮಂಚದ ಕಾಲು ಕಡಿಯುವುದು, ಒಂದು ಚಪ್ಪಲಿ ತಿಂದು ಇನ್ನೊಂದನ್ನು ನಮಗೆ ಉಳಿಸುವುದು, ಇಷ್ಟೇ ಅವನಿಗೆ ಗೊತ್ತಿದ್ದುದು. ಬಸ್ಸು ಓಡಿಸುವ ನನ್ನ ಅಣ್ಣ ಇದನ್ನು ನೋಡಲಾರದೆ ತಮ್ಮನ್ನು ಬರಮಾಡಿಕೊಂಡ. ನಾಯಿ ಬೊಗಳಿದರೆ ತಾವು ಯಜಮಾನನ ದನಿಯಲ್ಲಿ ಸಮಾಧಾನ ಹೇಳಬೇಕು, ಅದು ಸುಮ್ಮನಾದರೆ ಬಿಸ್ಕತ್ತು ಉದುರಿಸಬೇಕು ಎಂಬುದು ತಮ್ಮ ಧರ್ಮವಂತೆ. ಅಣ್ಣ ತಮ್ಮ ಹತ್ತಿರ ಬಾಯಿಟ್ಟು "ಸುಮ್ನಿರು ಮರಿ, ಜಾಣ ಅಲ್ವಾ ನೀನು" ಎಂದು ದನಿ ತುಂಬಿ ಕೆಲಸಕ್ಕೆ ಹೊರಟುಹೋದ. ಅಂದಿನಿಂದ ಅವನು ಮನೆಯಲ್ಲಿ ಇಲ್ಲದಾಗಲೂ ನಮಗೆ ಅವನಿಂದ ಬಿಡುಗಡೆ ಇಲ್ಲ.

ತಮ್ಮ ಪಾಠದ ರೀತಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬಿಸ್ಕತ್ತು ಸಿಗಬೇಕಾದರೆ ಸುಮ್ಮನಾಗಬೇಕು, ಸುಮ್ಮನಾಗಬೇಕಾದರೆ ಮೊದಲು ಬೊಗಳಿರಬೇಕು ಎಂಬ ಸೂಕ್ಷ್ಮವನ್ನು ಪೈಲ್ವಾನ ಮೊದಲ ದಿನವೇ ಅರೆದು ಕುಡಿದ. ಹಿಂದೆ ಬೇಸರವಾದರೆ ಬೊಗಳುತ್ತಿದ್ದವನು ಈಗ ಹೊಟ್ಟೆಪಾಡಿಗೆ ಬೊಗಳುತ್ತಾನೆ. ತಾವು ಬುದ್ಧಿ ಹೇಳುತ್ತೀರಿ, ಅವನು ವಿನಯದಿಂದ ತಲೆ ತಗ್ಗಿಸುತ್ತಾನೆ, ತಾವು ಸಂಬಳ ಕೊಡುತ್ತೀರಿ, ಅವನು ಮೀಸೆ ನೆಕ್ಕಿಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತಾನೆ. ಇಂಥ ನೌಕರಿ ಕೊಡಿಸುವವರು ಮನುಷ್ಯರಿಗೂ ಸಿಗುವುದಿಲ್ಲ.

ತಮಗೆ ಭೇದಭಾವ ಇಲ್ಲವೆಂಬುದೂ ದೊಡ್ಡ ಗುಣ. ಕುಕ್ಕರ್ ಕೂಗಿದರೆ ಸುಮ್ಮನಿರು ಎನ್ನುತ್ತೀರಿ, ಗುಡುಗಿದರೆ ಗುಡುಗಿಗೂ ಜಾಣ ಎನ್ನುತ್ತೀರಿ. ನಮ್ಮ ಅಮ್ಮನಿಗೆ ಥಂಡಿಯ ಕೆಮ್ಮು. ಅವಳು ಕೆಮ್ಮಿದಾಗಲೆಲ್ಲ ತಾವು ಅಣ್ಣನ ದನಿಯಲ್ಲಿ ಸುಮ್ಮನಿರು ಮರಿ ಎಂದು ಬಿಸ್ಕತ್ತು ಎಸೆದದ್ದನ್ನು ಅವಳು ಇನ್ನೂ ಮರೆತಿಲ್ಲ. "ಹೊತ್ತು ಹೆತ್ತಿದ್ದಕ್ಕೆ ಬಾಯಿ ಮುಚ್ಚು ಅಂತಾನೆ ನೋಡೇ ನಿಮ್ಮಣ್ಣ, ಅದೂ ಬಿಸ್ಕತ್ತು ಎಸೆದು" ಎಂದು ಅಮ್ಮ, ಪಾಪ ಏನೂ ಅರಿಯದೆ ಊಟಕ್ಕೆ ಬಂದ ಅಣ್ಣನಿಗೆ ಅನ್ನ ಬಡಿಸದೆ ಪಾತ್ರೆ ತಳ್ಳಿದಳು.

ಒಂದು ಮಧ್ಯಾಹ್ನ ಕರೆಂಟು ಹೋಗಿ ತಾವು ವಿಶ್ರಾಂತಿಯಲ್ಲಿದ್ದಾಗ ಒಂದು ಅಪಚಾರ ನಡೆಯಿತು. ನನ್ನ ಕೈತಪ್ಪಿ ಬಿಸ್ಕತ್ತಿನ ಡಬ್ಬಿ ಬಟ್ಟೆಯ ಚೂರುಗಳ ಗಂಟಿನೊಳಗೆ ಚೆಲ್ಲಿತು. ಪೈಲ್ವಾನ ಒಂದೊಂದೇ ಚೂರಿಗೆ ಮೂಗು ತೂರಿಸಿ ಹುಡುಕುತ್ತಾ, ತುಟಿ ಪಿಟಕ್ಕೆನ್ನದೆ ದುಡಿದು, ಸುಸ್ತಾಗಿ ಅಲ್ಲೇ ಮಲಗಿಬಿಟ್ಟ. ಹೊರಗೆ ಮಳೆ, ಒಳಗೆ ಅವನ ಗೊರಕೆ, ಬೇರೆ ಸದ್ದಿಲ್ಲ. ಅಷ್ಟರಲ್ಲಿ ಕರೆಂಟು ಬಂತು. ತಾವು ಗೊರಕೆಯನ್ನು ಕೇಳಿಸಿಕೊಂಡು, ಸುಮ್ಮನಿರು ಮರಿ ಎಂದು ಅವನನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಿದಿರಿ. ತಮ್ಮ ಕರ್ತವ್ಯನಿಷ್ಠೆಗೆ ದೊಡ್ಡ ನಮಸ್ಕಾರ.

ಇದರ ಫಲ ಮೊನ್ನೆ ಮನೆ ಬಾಗಿಲಿಗೇ ಬಂತು. ಮನೆ ಓನರು ಕೊಡೆ ಮಡಿಸದೆ ಹೊಸ್ತಿಲಲ್ಲೇ ನಿಂತು, "ಮೇಲಿನ ಮನೆ ನರ್ಸಮ್ಮಂಗೆ ರಾತ್ರಿ ಪಾಳಿ, ಹಗಲು ಕಣ್ಣು ಮುಚ್ಚಕ್ಕಾಗ್ತಿಲ್ವಂತೆ. ಭಾನುವಾರದೊಳಗೆ ನಾಯಿನ ಸಾಗಿಸಿ, ಇಲ್ಲ ನೀವೇ ಬೇರೆ ಮನೆ ನೋಡ್ಕೊಳ್ಳಿ" ಎಂದರು. ನಾಯಿಯನ್ನು ಇಟ್ಟುಕೊಳ್ಳುತ್ತಾರಾ ಎಂದು ಅಣ್ಣ ಬಸ್ ಡಿಪೋದಲ್ಲಿ ಕೇಳಿ ಬಂದಿದ್ದಾನೆ. ಹಳೇ ಟೈರುಗಳ ರಾಶಿಯ ಪಕ್ಕ ಸರಪಳಿ ಹಾಕಿ ಕಟ್ಟುತ್ತಾರಂತೆ, ಸೂರು ಇಲ್ಲವಂತೆ. ಪೈಲ್ವಾನ ಮಳೆಯಲ್ಲಿ ನೆನೆಯುತ್ತಾ ಯಾರಿಗೆ ಬೊಗಳಿ ಯಾರಿಂದ ಬಿಸ್ಕತ್ತು ಕಾಯುತ್ತಾನೋ ಎಂದು ನೆನೆದರೆ ಸೂಜಿಯ ಕಣ್ಣಿಗೆ ದಾರವೇ ಹೋಗುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಸಣ್ಣ ಬೇಡಿಕೆಗಳಿವೆ. ಗುಡುಗು ಬರುವ ಮೊದಲೇ ಅದಕ್ಕೆ ಬಿಸ್ಕತ್ತು ಕೊಟ್ಟು ವಾಪಸು ಕಳಿಸುವುದು. ಅಮ್ಮನ ಕಾಲು ಹಿಡಿದು ತಪ್ಪಾಯಿತು ಎನ್ನುವುದು. ತಮ್ಮದೇ ದನಿ ಎಂಬುದು ಏನಾದರೂ ಇದ್ದರೆ, ಮಹಡಿ ಹತ್ತಿ ನರ್ಸಮ್ಮನೆದುರು ತಪ್ಪೊಪ್ಪಿಕೊಳ್ಳುವುದು. ಇವು ಯಾವುವೂ ಆಗದಿದ್ದರೆ ಪೈಲ್ವಾನನ ಬದಲು ತಾವೇ ಡಿಪೋಗೆ ದಯಮಾಡಿಸುವುದು; ಅಲ್ಲಿ ಬಸ್ಸುಗಳು ಹಗಲೂ ರಾತ್ರಿ ಹಾರನ್ ಹೊಡೆಯುತ್ತವೆ, ತಮ್ಮಂಥ ಗುರುಗಳ ಅಗತ್ಯ ಅವಕ್ಕೆ ಬಹಳ ಇದೆ.

ಬೊಗಳಲು ಬಾರದೆ ಬಿಸ್ಕತ್ತಿಗೆ ಎರವಾದ
ತಮ್ಮ ವಿಶ್ವಾಸಿ,
ಕೆಳಗಿನ ಮನೆಯ ಗುಂಡಿ ಹೊಲಿಯುವವಳು

ಬರೆದು ಮುಗಿಸಿದ ಮೇಲೆ ಸೇರಿಸಿದ್ದು: ತಾವು ಹತ್ತದ ಮಹಡಿಯನ್ನು ಇವತ್ತು ಬೆಳಗ್ಗೆ ನಾನೇ ಹತ್ತಿದೆ. ಪಾಳಿ ಮುಗಿಸಿ ಆಗ ತಾನೇ ಬಂದಿದ್ದ ನರ್ಸಮ್ಮ, ನಾನು ನಾಯಿ ಎಂದು ಬಾಯಿ ತೆರೆಯುವಷ್ಟರಲ್ಲೇ, "ನಾಯಿ ಬೊಗಳಿದ್ರೆ ಬೊಗಳ್ಲಿ ಬಿಡಮ್ಮ, ವಾರ್ಡಲ್ಲಿ ಅದಕ್ಕಿಂತ ಗಲಾಟೆ. ಯಾರೋ ಗಂಡಸು ಹಗಲೆಲ್ಲ ಸುಮ್ನಿರು ಮರಿ, ಸುಮ್ನಿರು ಮರಿ ಅಂತ ಪ್ರಾಣ ತಿಂತಾನಲ್ಲ, ಅವನ್ನ ಸಾಗಿಸಿ ಅಂತ ನಾನ್ ಹೇಳಿದ್ದು. ಓನರಿಗೆ ನಾಯಿ ಅಂತ ಕೇಳಿಸ್ತೇನೋ" ಎಂದರು. ನಾನು ಕೆಳಗಿಳಿದು ಬಂದು, ಅಮ್ಮ ಕೆಮ್ಮಿ ಮುಗಿಸುವುದರೊಳಗೆ, ತಮ್ಮ ಪ್ಲಗ್ಗು ಕಿತ್ತೆ.