ತಗಡಿನ ನೆರಳಿನಲ್ಲಿ ಧೂಮಪಾನ

ಸಿಗರೇಟು ಸೇದದಿರುವುದು ಒಂದು ಸದ್ಗುಣವೆಂದು ನಾನು ಬಹಳ ವರ್ಷ ನಂಬಿದ್ದೆ. ಗಲ್ಫಿನ ಕಚ್ಚಾ ಎಣ್ಣೆಯ ಬೆಲೆ ಕುಸಿದ ಮೇಲೆ ಅದು ನನ್ನಲ್ಲಿರುವ ಕೊರತೆ ಎಂದು ತಿಳಿಯಿತು.

ಮಸ್ಕತ್ತಿನ ನಮ್ಮ ಕಚೇರಿಯ ಮ್ಯಾನೇಜರ್ ಯುರೋಪಿನವರು. ಮೊದಲೆಲ್ಲ ತಮ್ಮ ಕೋಣೆಯಲ್ಲೇ ಧಾರಾಳವಾಗಿ ಸೇದುತ್ತಿದ್ದರು. ಆ ಸಲ ರಜೆಗೆ ಊರಿಗೆ ಹೋಗಿ ಬಂದವರ ಮುಖ ಬಾಡಿತ್ತು. "ನಮ್ಮಲ್ಲಿ ಹಿಂದೆ ಡಾಕ್ಟರೇ ಸಿಗರೇಟು ಕಚ್ಚಿಕೊಂಡು ನಾಡಿ ನೋಡುತ್ತಿದ್ದರು. ಈಗ ಹೋಟೆಲಿನ ಹೊರಗೆ ಕೂತು ಹಚ್ಚಿದರೂ ಪಕ್ಕದ ಮೇಜಿನವರು ನಾನು ಚಾಕು ತೆಗೆದೆನೋ ಎಂಬಂತೆ ನೋಡುತ್ತಾರೆ. ಸ್ವಂತ ಮಗಳೇ ನನ್ನನ್ನು ಚಳಿಯಲ್ಲಿ ಹೊರಗೆ ಕಳಿಸಿದಳು" ಎಂದರು. ತಮಗಾದ ಅವಮಾನ ನಮಗೂ ಆಗಲಿ ಎಂದೋ ಏನೋ, ಮರುದಿನವೇ ಕಚೇರಿಯೊಳಗೆ ಧೂಮಪಾನ ನಿಷೇಧವಾಯಿತು. ಸೇದುವವರಿಗೆ ಪಾರ್ಕಿಂಗಿನಾಚೆ ಒಂದು ತಗಡಿನ ನೆರಳು, ಮರಳು ತುಂಬಿದ ಒಂದು ಡಬ್ಬಿ. ಯುರೋಪಿನವರು ನಡುಗುತ್ತ ಸೇದಿದರೆ ನಮ್ಮವರು ಬೇಯುತ್ತ ಸೇದತೊಡಗಿದರು. ಮ್ಯಾನೇಜರೂ ಅಲ್ಲಿಗೇ ಬರಬೇಕಾಯಿತು.

ಅದೇ ಹೊತ್ತಿಗೆ ಕೆಲಸದಿಂದ ತೆಗೆಯುವ ಮಾತು ಶುರುವಾಯಿತು. ಮ್ಯಾನೇಜರರ ಬಾಯಿಂದ ಹೊಗೆಯ ಜೊತೆ ಹೊರಬಿದ್ದ ಸುದ್ದಿಯೆಲ್ಲ ಸೇದುವವರ ಪಾಲಾಗುತ್ತಿತ್ತು. ಸೇದದ ನಾವು ಎಸಿಯಲ್ಲಿ ಕೂತು ಬೆವರುತ್ತಿದ್ದೆವು. ಪಕ್ಕದ ಮೇಜಿನ ಉಡುಪಿಯ ಲಾರೆನ್ಸ್ ಕನಿಕರಪಟ್ಟು, "ನೀವೂ ಬನ್ನಿ ಮಾರಾಯ್ರೆ. ಸೇದುವುದು ಬೇಡ, ಸುಮ್ಮನೆ ಕೈಯಲ್ಲಿ ಹಿಡ್ಕೊಳ್ಳಿ" ಎಂದರು. ಹೋದೆ. ಹಚ್ಚದ ಸಿಗರೇಟು ಹಿಡಿದು ನಿಂತವನಿಗೆ ಮ್ಯಾನೇಜರೇ ಲೈಟರ್ ಚಾಚಿದರು. ಕೆಲಸ ಉಳಿಸಿಕೊಳ್ಳಬೇಕಾದವನು ಬೇಡ ಎನ್ನಲಾದೀತೆ? ಕೆಮ್ಮಿ ಕೆಮ್ಮಿ ಕಣ್ಣೀರು ಬಂತು.

ಊರ ಹೊರವಲಯದ ಸೀಬ್ ಬಡಾವಣೆಯ ನಮ್ಮ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. "ಏನ್ರೀ ಇದು, ಅಂಗಿ ಹೊಗಿ ನಾರಾಕತ್ತದ. ಈ ವಯಸ್ಸಿನ್ಯಾಗ ಇದೊಂದು ಚಟಾ ಬೇಕಾಗಿತ್ತೇನು?"

"ಕೆಲಸದ ಸಲುವಾಗಿ" ಎಂದೆ. ಜಗತ್ತಿನ ಯಾವ ಹೆಂಡತಿಯೂ ನಂಬದ ನಿಜ ಅದು. ಮಗಳು ಪುಸ್ತಕದಿಂದ ತಲೆಯೆತ್ತದೆ, "ಡ್ಯಾಡಿ, ಬಾಲ್ಕನಿ ಪ್ಲೀಸ್" ಎಂದಳು. ಯುರೋಪು ನಮ್ಮ ಮನೆಯೊಳಗೂ ಬಂದಿತ್ತು.

ಒಂದು ಮಧ್ಯಾಹ್ನ ಮ್ಯಾನೇಜರ್ ಲಾರೆನ್ಸರ ಸಿಗರೇಟಿಗೆ ತಾವೇ ಬೆಂಕಿ ಹಿಡಿದು, ಮೆಲ್ಲಗೆ "ಸಾರಿ, ಲಾರೆನ್ಸ್" ಎಂದು ಒಳಗೆ ಹೋಗಿಬಿಟ್ಟರು. ಲಾರೆನ್ಸ್ ಅವಸರ ಮಾಡಲಿಲ್ಲ. ಪೂರ್ತಿ ಸೇದಿ, ತುಂಡನ್ನು ಮರಳಿನಲ್ಲಿ ಹೂತು, ನನ್ನ ಕಡೆ ತಿರುಗಿದರು. "ಖಲಾಸ್ ಮಾರಾಯ್ರೆ. ಸುದ್ದಿ ಎಲ್ಲರಿಗಿಂತ ಮೊದಲು ನನಗೇ ಸಿಕ್ಕಿತಲ್ಲ, ಅಷ್ಟೇ ಲಾಭ." ಈ ಸಲ ಕೆಮ್ಮು ಬರದೆಯೇ ನನ್ನ ಕಣ್ಣು ತುಂಬಿತು.

ನನ್ನ ಕೆಲಸ ಉಳಿಯಿತು. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಲಾರೆನ್ಸ್ ಊರಿಗೆ ಹೋದ ಮೇಲೆ ಒಂದು ದಿನ ತಗಡಿನ ಕೆಳಗೆ ಒಬ್ಬನೇ ನಿಂತಿದ್ದೆ. ಅಕೌಂಟ್ಸಿನ ಇಬ್ಬರು, ಹುಟ್ಟಿದಾಗಿನಿಂದ ಸೇದದವರು, ಒಂದೊಂದು ಸಿಗರೇಟು ಹಿಡಿದು ಅಳುಕುತ್ತ ಬಂದರು. "ಸಾರ್, ಒಳಗಿನ ಸುದ್ದಿ ಏನು?" ಎಂದು ಕೇಳಿದರು. ನನಗೇನೂ ಗೊತ್ತಿರಲಿಲ್ಲ. ಆದರೂ ಎಲ್ಲ ಬಲ್ಲವನ ಗಾಂಭೀರ್ಯದಿಂದ ಜೇಬಿನಿಂದ ಲೈಟರ್ ತೆಗೆದು ಇಬ್ಬರಿಗೂ ಹಚ್ಚಿಕೊಟ್ಟೆ.