ಸಣ್ಣ ರಿಯಾಕ್ಟರಿಗೆ ಸಣ್ಣ ಹಂದಿ

ಎಲ್ಲಕ್ಕೂ ಮೂಲ, ಅಣು ಘಟಕದ ಮುಖ್ಯಸ್ಥ ಪ್ಯೋ ಸಾಹೇಬರು ಹಿಂದಿನ ಸಂಜೆ ಕೋಟು ಹಾಕಿಕೊಳ್ಳುತ್ತಾ ಆಡಿದ ಒಂದು ಮಾತು.

"ರಿಯಾಕ್ಟರೇ ಸಣ್ಣದು. ಹಂದಿಯೂ ಸಣ್ಣದೇ ಇರಲಿ, ತಕ್. ಫೋಟೋದಲ್ಲಿ ಎರಡೂ ಅಳತೆಗೆ ಸರಿಯಾಗಿ ಕಾಣಬೇಕು."

ಕಚೇರಿಯ ಸಾಮಾನು ಸರಂಜಾಮು ನೋಡಿಕೊಳ್ಳುವ ತಕ್ ಯೊಂಗ್‌ಸಿಕ್, ಮೇಲಿನವರ ಮಾತು ತಮಾಷೆಯೋ ಅಪ್ಪಣೆಯೋ ಎಂದು ತೂಗಿ ನೋಡುವವನಲ್ಲ. ಕೂಡಲೇ ಸಂತೆಯ ಕಟುಕನಿಗೆ ಫೋನು ಮಾಡಿ, ದೊಡ್ಡ ತಲೆ ಬೇಡ, ಎಳೆಯದು ಸಾಕು ಎಂದ. ಬೆಳಿಗ್ಗೆ ಬುಟ್ಟಿಯ ಬಟ್ಟೆ ಸರಿಸಿದರೆ, ಬೆಂದ ಹಂದಿಯ ತಲೆ ಮಗಳನ್ನು ಕೊಡಲು ಒಪ್ಪದ ಮಾವನ ಹಾಗೆ ಮುಖ ಗಂಟಿಕ್ಕಿಕೊಂಡು ಅವನನ್ನೇ ನೋಡುತ್ತಿತ್ತು.

ಸೊಲ್ಗೊಟ್ ಊರಿನಲ್ಲಿ ಹೊಸ ದೋಣಿ ನೀರಿಗಿಳಿದರೂ, ಹೊಸ ಲಾರಿ ಬಂದರೂ ಕೆಡುಕು ತಟ್ಟದಿರಲೆಂದು ಗೋಸಾ ಪೂಜೆ ಆಗಲೇಬೇಕು. ಪೂಜೆಯ ಮೇಜಿನ ಮೇಲೆ ಹಂದಿಯ ತಲೆ ಇರಬೇಕು. ಆ ತಲೆ ನಗುತ್ತಿರಬೇಕು. ನಗು ಅಗಲವಾದಷ್ಟೂ ಯಂತ್ರದ ನಡತೆ ಒಳ್ಳೆಯದು. ಇವತ್ತು ಬಂದರಿಗೆ ಬಂದದ್ದು ದೋಣಿಯೂ ಅಲ್ಲ, ಲಾರಿಯೂ ಅಲ್ಲ. ಕಾರ್ಖಾನೆಯಲ್ಲೇ ಪೂರ್ತಿ ತಯಾರಾಗಿ, ಅನ್ನದ ಕುಕ್ಕರಿನ ಹಾಗೆ ಇಟ್ಟು ಜೋಡಿಸಿದರೆ ಸಾಕು ಎನ್ನುವಂಥ ಸಣ್ಣ ಅಣು ರಿಯಾಕ್ಟರ್.

ಪೂಜೆ ಸುಸೂತ್ರವಾಗಿ ಮುಗಿದರೆ ತಕ್‌ಗೆ ಸಿಯೋಲ್‌ಗೆ ವರ್ಗ ಎಂದು ಪ್ಯೋ ಸಾಹೇಬರು ಮಾತು ಕೊಟ್ಟಿದ್ದರು. ಹೆಂಡತಿ, ಮಗಳು ಇರುವುದು ಅಲ್ಲೇ. ಮಗಳು ಅವನನ್ನು ಈಗ "ಶನಿವಾರದ ಅಪ್ಪ" ಎಂದು ಕರೆಯುತ್ತಿದ್ದಳು.

ಅವನು ಕಟುಕನಿಗೆ ಮತ್ತೆ ಫೋನು ಮಾಡಿದ.

"ನಗು ಅನ್ನೋದು ವಯಸ್ಸಾದ ಮೇಲೆ ಬರೋದು ಸ್ವಾಮಿ," ಎಂದ ಕಟುಕ. "ಆ ಮರಿ ಏನು ಕಂಡಿತ್ತು ಅಂತ ನಗಬೇಕು? ದೊಡ್ಡದು ಕೇಳಿದ್ರೆ ಕಿವಿವರೆಗೂ ನಗೋದು ಕೊಡ್ತಿದ್ದೆ. ಈಗ ಎಲ್ಲಾ ಖಾಲಿ."

ತಕ್ ಬಾಡಿಗೆಗಿದ್ದದ್ದು ಒಕ್ಬುನ್ ಅಜ್ಜಿಯ ಊಟದ ಮನೆಯ ಮಹಡಿಯಲ್ಲಿ. ಬುಟ್ಟಿ ಹಿಡಿದು ಕೆಳಗಿಳಿದವನನ್ನು ನೋಡಿ ಅಜ್ಜಿ ಕೈ ಒರೆಸಿಕೊಂಡಳು.

"ಇದೇನಪ್ಪ, ಹರಕೆ ತೀರಿಸೋಕೆ ತಂದಿದ್ದೀಯೋ, ಜಗಳ ಆಡೋಕೆ ತಂದಿದ್ದೀಯೋ? ಕೊಡು ಇಲ್ಲಿ. ಇನ್ನೊಂದು ಕುದಿ ಬಂದ್ರೆ ಚರ್ಮ ಸೆಳೆದುಕೊಂಡು ನಗುತ್ತೆ."

ಇನ್ನೊಂದು ಕುದಿಗೆ ಹಂದಿಯ ಕೆನ್ನೆ ಊದಿಕೊಂಡಿತು. ಗಂಟು ಮುಖಕ್ಕೆ ಹಲ್ಲುನೋವೂ ಸೇರಿದ ಹಾಗಾಯಿತು. ಪಕ್ಕದ ಅಂಗಳಗಳಲ್ಲಿ ಸ್ಕ್ವಿಡ್ ಮೀನು ಒಣಹಾಕುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬಂದರು. ಒಬ್ಬಳು ಎಳ್ಳೆಣ್ಣೆ ತಿಕ್ಕಿದಳು. ಇನ್ನೊಬ್ಬಳು ಬಾಯಿಯ ಎಡಕ್ಕೊಂದು ಚಾಪ್‌ಸ್ಟಿಕ್ ಚುಚ್ಚಿ ನಿಲ್ಲಿಸಿದಳು. ಎಡತುಟಿ ಮಾತ್ರ ಮೇಲೆದ್ದು, ಹಂದಿ ಈಗ ಪಕ್ಕದ ಮೇಜಿನವನಿಗೆ ಬಡ್ತಿ ತಪ್ಪಿತೆಂದು ಕೇಳಿದ ಗುಮಾಸ್ತನ ಹಾಗೆ ಕಾಣತೊಡಗಿತು.

ಅಷ್ಟರಲ್ಲಿ ಊರ ಮುಖ್ಯಸ್ಥ ಮೆಂಗ್ ವಾಸನೆ ಹಿಡಿದು ಒಳಗೆ ಬಂದ. ಕೈ ಹಿಂದೆ ಕಟ್ಟಿಕೊಂಡು ತಲೆಯ ಸುತ್ತ ಒಂದು ಸುತ್ತು ಹಾಕಿದ.

"ನೋಡು ತಕ್. ನಿಮ್ಮ ಇಂಜಿನಿಯರುಗಳು ಬಂದು ಬಂದು ಪರದೆ ಮೇಲೆ ಚಿತ್ರ ತೋರಿಸಿ ಹೋದ್ರು. ನಾವೂ ತಲೆ ಆಡಿಸಿದ್ವಿ. ಒಂದಕ್ಷರ ಅರ್ಥ ಆಗಲಿಲ್ಲ. ಹಂದಿ ಮುಖ ಅರ್ಥ ಆಗುತ್ತೆ. ಇದು ನಕ್ಕರೆ ಊರು ಮಂಡಿಯೂರುತ್ತೆ. ಹೀಗೇ ಇದ್ರೆ, ಊಟ ಮಾಡಿ ಎದ್ದು ಬರ್ತೀವಿ."

"ಊಟ ಮಾಡ್ತೀರಾ?" ಎಂದ ತಕ್.

"ಊಟದ ಮೇಲೆ ಏನು ಕೋಪ?"

ಹೊತ್ತಾಗಿತ್ತು. ತಕ್ ಚಾಪ್‌ಸ್ಟಿಕ್ ಕಿತ್ತು ಹಾಕಿ, ಬುಟ್ಟಿಯನ್ನು ಸ್ಕೂಟರಿಗೆ ಕಟ್ಟಿ ಹೊರಟ. ದಾರಿಯುದ್ದಕ್ಕೂ ಬೆನ್ನ ಹಿಂದೆ ಆ ಗಂಟು ಮುಖ ತನ್ನನ್ನೇ ದುರುಗುಟ್ಟಿ ನೋಡುತ್ತಿದೆ ಎನ್ನಿಸಿ ಎರಡು ಸಲ ತಿರುಗಿ ನೋಡಿದ, ಒಂದು ಸಲ ಚರಂಡಿಗೆ ಇಳಿದ.

ಘಟಕದ ಗೇಟಿನಲ್ಲಿ ಕಾವಲುಗಾರ ಗು ಕೈ ಅಡ್ಡ ಹಿಡಿದ. "ಹೆಲ್ಮೆಟ್?"

"ಹಾಕಿಕೊಂಡಿದ್ದೀನಲ್ಲ."

"ನಿಮ್ಮದು ಕಂಡೆ. ಅದಕ್ಕೆ?"

ತಕ್ ಬುಟ್ಟಿಯನ್ನು ನೋಡಿದ. "ಗು ಅವರೇ, ಇದು ಸತ್ತಿದೆ."

"ಇದು ಬಿಸ್ಕತ್ತಿನ ಕಾರ್ಖಾನೆ ಅಲ್ಲ, ಅಣು ಘಟಕ. ಇವತ್ತು ಸತ್ತವರಿಗೆ ವಿನಾಯಿತಿ ಕೊಟ್ರೆ ನಾಳೆ ಬದುಕಿರೋರೂ ಕೇಳ್ತಾರೆ."

ಮಿಕ್ಕ ಹೆಲ್ಮೆಟ್ಟುಗಳೆಲ್ಲ ಅತಿಥಿಗಳ ತಲೆ ಸೇರಿದ್ದವು. ವಾದಿಸಲು ವೇಳೆ ಇರಲಿಲ್ಲ. ಇದ್ದಿದ್ದರೂ ತಕ್ ಗೆಲ್ಲುತ್ತಿರಲಿಲ್ಲ. ತನ್ನದನ್ನೇ ಬಿಚ್ಚಿ ಹಂದಿಗೆ ತೊಡಿಸಿದ. ಗು ಬಗ್ಗಿ ನೋಡಿ, "ಪಟ್ಟಿ ಸಡಿಲ ಇದೆ," ಎಂದು ಗಲ್ಲದ ಕೆಳಗಿನ ಪಟ್ಟಿಯನ್ನು ತಾನೇ ಹಿಡಿದು, ಕರ್ತವ್ಯನಿಷ್ಠೆಯಿಂದ ಬಲವಾಗಿ ಜಗ್ಗಿದ.

ದವಡೆ ಮೇಲೇರಿತು. ಊದಿದ ಕೆನ್ನೆಗಳು ಮಡಿಚಿಕೊಂಡವು. ತುಟಿಯ ಎರಡು ತುದಿಗಳೂ ಮೆಲ್ಲಗೆ ಹೊರಟು ಕಿವಿಯ ಹತ್ತಿರ ಹೋಗಿ ನಿಂತವು. ಹಂದಿ ನಗುತ್ತಿತ್ತು. ಬರೀ ನಗುವಲ್ಲ, ಸಾಲ ತೀರಿಸಿ ಬಂದವನ ನಗು.

"ಈಗ ಹೋಗಬಹುದು," ಎಂದ ಗು, ಹಂದಿಗೆ. ತಕ್ ಹೆಜ್ಜೆ ಎತ್ತಿದ ಕೂಡಲೇ, "ನೀವಲ್ಲ. ನಿಮಗೆ ಹೆಲ್ಮೆಟ್ ಇಲ್ಲ," ಎಂದ.

ಹಿಂದೆಯೇ ಅಕ್ಕಿ ಕಡುಬಿನ ತಟ್ಟೆ ಹಿಡಿದು ಬಂದ ಒಕ್ಬುನ್ ಅಜ್ಜಿ, ಅತಿಥಿಯೆಂದು ಮೊದಲೇ ಸಿಕ್ಕಿದ್ದ ಹೆಲ್ಮೆಟ್ಟನ್ನು ತಲೆವಸ್ತ್ರದ ಮೇಲೆ ಹಾಕಿಕೊಂಡು, ಬುಟ್ಟಿಯನ್ನೂ ಎತ್ತಿಕೊಂಡು ಒಳಗೆ ಹೋದಳು. ತಕ್ ತಂತಿ ಬೇಲಿಗೆ ಮೂಗು ಒತ್ತಿ ನಿಂತ.

ಮೇಜಿನ ಮೇಲೆ ಹಳದಿ ಹೆಲ್ಮೆಟ್ಟಿನ ಹಂದಿ ಊರಿಗೆಲ್ಲ ನಗು ಬೀರುತ್ತಿತ್ತು. ಮೆಂಗ್ ಹತ್ತಿರ ಹೋದ. ಎಡದಿಂದ ನೋಡಿದ, ಬಲದಿಂದ ನೋಡಿದ, ಪಟ್ಟಿಯನ್ನು ಬೆರಳಿನಿಂದ ಮುಟ್ಟಿದ. ತಕ್ ಎರಡೂ ಕೈಯಲ್ಲಿ ಬೇಲಿ ಹಿಡಿದುಕೊಂಡ.

"ಇಲ್ಲಿ ಹಂದಿಯನ್ನೂ ನಿಯಮ ತಪ್ಪೋಕೆ ಬಿಡಲ್ಲ ಕಣ್ರೋ," ಎಂದ ಮೆಂಗ್ ಊರಿನ ಕಡೆ ತಿರುಗಿ. "ಅಂದ್ಮೇಲೆ ಪರವಾಗಿಲ್ಲ." ಅವನ ಮಂಡಿ ಚಾಪೆಗೆ ತಾಗಿತು. ಅವನ ಹಿಂದೆ ಇಡೀ ಊರಿನ ಮಂಡಿ.

ತಕ್ ಬೇಲಿ ಹಿಡಿದುಕೊಂಡೇ ಜಾರಿ ನೆಲದ ಮೇಲೆ ಕುಳಿತ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಗ್ಯಾಸ್ ಸಿಲಿಂಡರನ್ನು ಯಾರೋ ಇಳಿಸಿದ ಹಾಗಿತ್ತು. ಸಿಯೋಲ್, ಮಗಳು, ಬುಧವಾರ, ಗುರುವಾರ. ಅವನಿಗೆ ಅಳು ಬಂತು. ಗು ನೋಡದ ಹಾಗೆ ನಟಿಸಿದ.

ಮಕ್ಕೊಲ್ಲಿ ಹೆಂಡದ ಬಟ್ಟಲು ಎರಡು ಸುತ್ತು ಬಂದ ಮೇಲೆ ಪ್ಯೋ ಸಾಹೇಬರು ಸಿಯೋಲ್‌ನಿಂದ ಬಂದಿದ್ದ ನಿರ್ದೇಶಕಿ ನಾಮ್‌ಗುಂಗ್ ಅವರನ್ನು ಗೇಟಿಗೆ ಕರೆತಂದರು. ಒಕ್ಬುನ್ ಅಜ್ಜಿಯೂ ಮಾಂಸದ ತಟ್ಟೆ ಹಿಡಿದು ಬಂದಳು.

"ಇವನೇ ತಕ್, ಮೇಡಂ. ಹೆಲ್ಮೆಟ್ ಇವನದೇ. ಸಿಯೋಲ್‌ಗೆ ವರ್ಗ ಆಗಬೇಕಾದವನು."

"ವರ್ಗವಾ?" ನಿರ್ದೇಶಕಿಗೆ ನಿಜವಾಗಿಯೂ ಗಾಬರಿಯಾಯಿತು. "ಪ್ಯೋ, ಇದೇನು ಹಳೇ ಕಾಲದ ದೊಡ್ಡ ರಿಯಾಕ್ಟರಾ, ಒಂದು ಕಟ್ಟಿ ಹತ್ತು ವರ್ಷ ಕೂರೋಕೆ? ಇವು ಒಂದಾದ ಮೇಲೊಂದು ಹಡಗಿನಲ್ಲಿ ಬರ್ತಾನೇ ಇರ್ತವೆ. ಇಲ್ಲಿಗೆ ಇನ್ನೂ ಮೂರು, ಆಮೇಲೆ ಪಕ್ಕದ ಕೊಲ್ಲಿಗೆ. ಸಣ್ಣದರ ಗುಟ್ಟೇ ಅದು. ಮೊದಲನೇದು ಸರಿ ಹೋಯ್ತಾ, ಉಳಿದವಕ್ಕೆ ಏನೂ ಬದಲಾಯಿಸಬಾರದು. ಅದೇ ಬೋಲ್ಟು, ಅದೇ ಪೈಪು, ಅದೇ ತಕ್."

ಪ್ಯೋ ಸಾಹೇಬರು ಚಪ್ಪಾಳೆ ತಟ್ಟಿದರು. ತಕ್ ಬಾಯಿ ತೆರೆದ. ಒಕ್ಬುನ್ ಅಜ್ಜಿ ಅದರೊಳಗೆ ಕೆನ್ನೆಯ ಮಾಂಸದ ಒಳ್ಳೆಯ ತುಂಡೊಂದನ್ನು ಇಟ್ಟಳು.

"ಸದ್ಯ, ಉಳಿದೆಯಲ್ಲಪ್ಪ," ಎಂದು ಅವಳು ನಿಟ್ಟುಸಿರು ಬಿಟ್ಟಳು. "ಸೋರೋ ಛಾವಣಿ ಕೆಳಗೆ ಬಕೆಟ್ ಇಟ್ಟುಕೊಂಡು ಮಲಗೋ ಬಾಡಿಗೆದಾರ ಇನ್ನೊಬ್ಬ ಎಲ್ಲಿ ಸಿಗ್ತಾನೆ ಅಂತ ನನಗೆ ಬೆಳಗಿನಿಂದ ಒಂದೇ ಯೋಚನೆ."