ಎಲ್ಲೂರಿನ ಸೀಯಾಳವೂ ನನ್ನ ಮೈನಸ್ಸೂ

ತಾನು ಮಾಡುವ ಕೆಲಸವೇನೆಂದು ಅತ್ತೆಗೆ ಒಂದೇ ಮಾತಿನಲ್ಲಿ ಹೇಳಲು ಬಾರದವನು ಮದುವೆಯಾಗಬಾರದು. ಇದು ನನಗೆ ತಡವಾಗಿ ಹೊಳೆದ ಸತ್ಯ. ಕಾಪುವಿನಲ್ಲಿರುವ ನನ್ನ ಷಡ್ಡಕ “ಮೀನಿನ ಬೋಟುಗಳಿಗೆ ಐಸ್ ಕೊಡುವುದು” ಎಂದರೆ ಮುಗಿಯಿತು, ಕೇಳಿದವರು ಕುರ್ಚಿ ಎಳೆದು ಕೂರಿಸುತ್ತಾರೆ. ನಾನೋ, ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ತೆಂಗಿನ ಗೆರಟೆಯ ಇದ್ದಿಲನ್ನು ನುಣ್ಣಗೆ ಪುಡಿಮಾಡಿ, ಪ್ಲಾಸ್ಟಿಕ್ಕಿನೊಂದಿಗೆ ಬೆರೆಸಿ, ಕಪ್ಪು ಬಿಲ್ಲೆಗಳನ್ನು ಒತ್ತುವವನು. ಲೋಕದ ಸಾಮಾನ್ಯ ವಸ್ತುಗಳು ವಿದ್ಯುತ್ತಿನ ಮುಂದೆ ಒಂದು ರೀತಿ ನಡೆದುಕೊಂಡರೆ, ನನ್ನ ಬಿಲ್ಲೆ ಹಟಮಾರಿ ಮಗುವಿನಂತೆ ಅದಕ್ಕೆ ತದ್ವಿರುದ್ಧ. ಪರ್ಮಿಟಿವಿಟಿ ಎಂಬ ಅದರ ಅಳತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಇಳಿದದ್ದನ್ನು ನನ್ನ ಗೈಡ್ ಕಣ್ಣಾರೆ ಕಂಡರೆ ಮಾತ್ರ, ತಲೆ ಪೂರ್ತಿ ನರೆಯುವ ಮೊದಲು ನನಗೆ ಪಿಎಚ್‌ಡಿ.

ಬಹುಕಾಲದ ಹೆಣಗಾಟದ ನಂತರ ಒಂದು ಬಿಲ್ಲೆ ಮೈನಸ್ ತೋರಿಸಿದಾಗ ನಾನು ಕುಣಿಯುವುದೊಂದು ಬಾಕಿ. ಸಂತೋಷವನ್ನು ಹೆಂಡತಿ ಸುಜಾತಳಿಗೆ ಹೇಳಿದೆ. ಅವಳು ಕುಕ್ಕುಂದೂರಿನಲ್ಲಿರುವ ತನ್ನ ತಾಯಿಗೆ ಫೋನಿನಲ್ಲಿ, “ಇವರಿಗೆ ಮೈನಸ್ ಬಂದಿದೆಯಂತೆ” ಎಂದಷ್ಟೇ ಹೇಳಿ, ಕುಕ್ಕರ್ ಕೂಗಿತೆಂದು ಇಟ್ಟುಬಿಟ್ಟಳು.

ಗೈಡ್ ಬರುವ ಹಿಂದಿನ ದಿನ ಅದೇ ಬಿಲ್ಲೆಯನ್ನು ಮತ್ತೊಮ್ಮೆ ಅಳೆದರೆ, ಪ್ಲಸ್. ಎಷ್ಟು ಸಲ ಅಳೆದರೂ ಪ್ಲಸ್. ಸುಜಾತಳಿಗೆ ಫೋನಿನಲ್ಲಿ ಅಷ್ಟು ತಿಳಿಸಿ, ಸಂಜೆ ಜೋಲುಮೋರೆ ಹೊತ್ತು ಮನೆಗೆ ಬಂದರೆ ಜಗಲಿಯಲ್ಲಿ ಎಳನೀರು ತುಂಬಿದ ಸೀಯಾಳದ ರಾಶಿ, ಪಕ್ಕದಲ್ಲಿ ನಗುಮುಖದ ಅತ್ತೆ.

“ಪ್ಲಸ್ ಆಯಿತು ಅಲ್ವಾ?” ಎಂದರು. “ನಿಮ್ಮ ಮೈನಸ್ ಹೋಗಲಿ ಅಂತ ಎಲ್ಲೂರಿನ ದೇವರಿಗೆ ಸೀಯಾಳದ ಅಭಿಷೇಕ ಹೇಳಿಕೊಂಡಿದ್ದೆ. ನಾಳೆ ಬೆಳಿಗ್ಗೆ ಹೋಗಿ ಹರಕೆ ತೀರಿಸುವ.”

ನಾನು ಮೆಟ್ಟಿಲ ಮೇಲೆಯೇ ಕೂತೆ. “ಅತ್ತೇ, ನನಗೆ ಬೇಕಾದದ್ದೇ ಮೈನಸ್.”

ಅವರು ನನ್ನನ್ನೂ ಸೀಯಾಳವನ್ನೂ ನೋಡಿದರು. “ಮೊದಲೇ ಹೇಳಬಾರದಾ ಮಾರಾಯ್ರೆ? ಇನ್ನು ದೇವರ ಹತ್ತಿರ ಎಂತ ಹೇಳುವುದು, ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಿ ಅಂತಲಾ?”

ಹೇಳಿಕೊಂಡ ಹರಕೆ ತೀರಿಸದೆ ಬಿಡುವಂತಿಲ್ಲ. ಬೆಳಿಗ್ಗೆ ಎಲ್ಲೂರಿಗೆ ಹೋದೆವು. ಪ್ಲಸ್ ಕೊಟ್ಟದ್ದಕ್ಕೆ ಕೃತಜ್ಞತೆ, ಕೂಡಲೇ ಮೈನಸ್ಸಿಗೆ ಅರ್ಜಿ. ಎರಡಕ್ಕೂ ಸೇರಿ ಒಂದೇ ಅಭಿಷೇಕ. ವಿಜ್ಞಾನಿಯಾದ ನಾನು ಸುಮ್ಮನೆ ನಿಲ್ಲಬೇಕೆಂದುಕೊಂಡವನು, ವಿದ್ಯುತ್ತಿನ ಯಾವ ಆವರ್ತನದಲ್ಲಿ ಮೈನಸ್ ಬೇಕೆಂಬುದನ್ನೂ ಮನಸ್ಸಿನಲ್ಲೇ ಸ್ಪಷ್ಟಪಡಿಸಿದೆ.

ಅಲ್ಲಿಂದ ನೇರ ಪ್ರಯೋಗಾಲಯಕ್ಕೆ ಓಡಿ ಬಿಲ್ಲೆಯನ್ನು ಬೆಳಕಿಗೆ ಹಿಡಿದರೆ, ತಂತಿ ತಾಗುವ ಕಡೆ ಹಚ್ಚಿದ ಬೆಳ್ಳಿಯ ಲೇಪ ಎದ್ದುಬಂದಿದೆ. ಹೊಸದಾಗಿ ಹಚ್ಚಿ ಒಣಗಿಸಿದೆ. ಮಧ್ಯಾಹ್ನ ಗೈಡ್ ಎದುರಿಗೆ ಅಳತೆ ಜರ್ರನೆ ಸೊನ್ನೆಯ ಕೆಳಗಿಳಿಯಿತು. “ಇನ್ನು ಥೀಸಿಸ್ ಬರೆಯಿರಿ” ಎಂದು ಅವರು ಬೆನ್ನು ತಟ್ಟಿದಾಗ ನನ್ನ ಕಣ್ಣು ತುಂಬಿತು.

ಎಲ್ಲ ಬೆಳ್ಳಿಯ ಲೇಪದ ಮಹಿಮೆ ಎಂದು ಮನೆಯಲ್ಲಿ ವಿವರಿಸಿದೆ. ಅತ್ತೆ ತಾಳ್ಮೆಯಿಂದ ಕೇಳಿ, ಉಳಿದ ಸೀಯಾಳವೊಂದನ್ನು ಕೆತ್ತಿ ನನ್ನ ಕೈಗಿಟ್ಟರು. ಈಗ ಕುಕ್ಕುಂದೂರಿನಲ್ಲಿ ಯಾರಾದರೂ ಅಳಿಯನ ಕೆಲಸ ಕೇಳಿದರೆ ಅತ್ತೆಯ ಬಳಿ ಒಂದೇ ಮಾತಿನ ಉತ್ತರ ಉಂಟು: “ಸೊನ್ನೆಗಿಂತ ಕೆಳಗೆ ಹೋಗುವುದು ಹೇಗೆ ಅಂತ ಕಲಿಯುತ್ತಿದ್ದಾರೆ.” ನಾನು ನಗುತ್ತೇನೆ. ಆದರೆ ಹೊಸ ಬಿಲ್ಲೆ ಅಳೆಯುವ ದಿನ, ಲೇಪವನ್ನು ಪರೀಕ್ಷಿಸಿದ ಮೇಲೆ, ಕುಕ್ಕುಂದೂರಿಗೊಂದು ಫೋನ್ ಮಾಡಿ, “ಅತ್ತೇ, ಈ ಸಲವೂ ಮೈನಸ್ಸೇ ಬೇಕು, ನೆನಪಿದೆಯಲ್ಲ?” ಎಂದು ಖಚಿತಪಡಿಸಿಕೊಳ್ಳದೆ ಯಂತ್ರದ ಗುಂಡಿ ಒತ್ತುವುದಿಲ್ಲ.